ಪಾಸ್‌ಪೋರ್ಟ್, ಬಂಗಾರ, ಮದ್ದು

ಪೀಂ... ಪೀಂ... ಪೀಂ...

ಕುವೈತಿನ ಮಂಗಫ್‌ನಲ್ಲಿ ಬೆಳಗು ಈ ಸದ್ದಿನಿಂದ ಶುರುವಾಗುತ್ತದೆ. ರಿಫೈನರಿಗೆ ಕೆಲಸಗಾರರನ್ನು ಒಯ್ಯುವ ಕಂಪೆನಿ ಬಸ್ಸುಗಳು ಇಕ್ಕಟ್ಟಿನ ಗಲ್ಲಿಯಲ್ಲಿ ತಿರುಗಲು ಜಾಗ ಸಾಲದೆ ಹಿಂದಕ್ಕೆ ಸರಿಯುತ್ತವೆ. ಸರಿಯುವಷ್ಟು ಹೊತ್ತೂ ಕೂಗುತ್ತವೆ. ಮೂರನೆಯ ಮಹಡಿಯ ಕೋಣೆಯಲ್ಲಿ, ಒಂದರ ಮೇಲೊಂದು ನಿಲ್ಲಿಸಿದ ಕಬ್ಬಿಣದ ಮಂಚಗಳ ಕೆಳಮಂಚದಲ್ಲಿ ಮಲಗುವ ತಿಲಕ್‌ಗೆ ಆ ಕೂಗು ಜೋಗುಳದಷ್ಟು ರೂಢಿಯಾಗಿದೆ. ಅವನಿಗೆ ಎಚ್ಚರವಾಗುವುದು ಅದು ಇಲ್ಲದ ದಿನ. ಶುಕ್ರವಾರ ಬಸ್ಸುಗಳು ಬರುವುದಿಲ್ಲ. ಶುಕ್ರವಾರದ ಮೌನ ಅವನನ್ನು ಭುಜ ಹಿಡಿದು ಅಲುಗಿಸಿದ ಹಾಗೆ ಎಬ್ಬಿಸುತ್ತದೆ. ಶುಕ್ರವಾರ ಅವನ ಮಗಳ ದಿನ.

ತಿಲಕ್ ಕಿನ್ನಿಗೋಳಿ ಕಡೆಯವನು. ಅದೇ ಕಟ್ಟಡದ ನೆಲಮಹಡಿಯಲ್ಲಿರುವ ಕಾಸಿಂ ಕುಂಞಿಯ ಕಾರ್ಗೋ ಅಂಗಡಿಯಲ್ಲಿ ಅವನದು ಪ್ಯಾಕಿಂಗ್ ಕೆಲಸ. ಜನರ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಟೇಪು ಎಳೆದು, ನೈಲಾನ್ ಹಗ್ಗ ಬಿಗಿದು, ನಾಲ್ಕೂ ಮಗ್ಗುಲಿಗೆ ಕಪ್ಪು ಮಾರ್ಕರಿನಲ್ಲಿ ಹೆಸರು ಮತ್ತು ಊರು ಬರೆಯುತ್ತಾನೆ. ರಜೆಗೆ ಹೋಗುವವರ ಪೆಟ್ಟಿಗೆ ಬೇರೆ, ಖಲಾಸ್ ಮಾಡಿ, ಇಲ್ಲಿನ ಬಾಳು ಮುಗಿಸಿ ಹೋಗುವವರ ಪೆಟ್ಟಿಗೆ ಬೇರೆ. ರಜೆಗೆ ಹೋಗುವವರು ಹಾಲಿನ ಪುಡಿ, ಸಾಬೂನು, ಕಂಬಳಿ ಕಳಿಸುತ್ತಾರೆ. ಎಲ್ಲವೂ ಹೊಸತು, ಅಂಗಡಿಯ ವಾಸನೆಯದು. ಖಲಾಸ್ ಮಾಡಿ ಹೋಗುವವರ ಪೆಟ್ಟಿಗೆಯಲ್ಲಿ ಕುಕ್ಕರು, ಪರದೆಯ ಸರಳು, ದೇವರ ದೀಪ ಇರುತ್ತವೆ. ಆ ಪೆಟ್ಟಿಗೆಗಳಿಗೆ ಒಗ್ಗರಣೆಯ ವಾಸನೆ ಇರುತ್ತದೆ. ಟೇಪು ಎಳೆದರೂ ಅದು ಸ್ವಲ್ಪ ಹೊತ್ತು ಹೊರಗೆ ಸುಳಿಯುತ್ತದೆ.

ಕೆಲಸಕ್ಕೆ ಸೇರಿದ ದಿನವೇ ಕಾಸಿಂ ಕುಂಞಿ ಒಂದು ಮಾತು ಕಲಿಸಿದ್ದ. ಕೊನೆಯ ಟೇಪು ಎಳೆಯುವ ಮೊದಲು ಮನೆಯವರನ್ನು ಕೇಳಬೇಕು: "ಪಾಸ್‌ಪೋರ್ಟ್, ಬಂಗಾರ, ಮದ್ದು – ಕೈಯಲ್ಲಿ ಉಂಟಾ?" ಅವರು "ಉಂಟು" ಎಂದ ಮೇಲೆಯೇ ಟೇಪು. ಗಡಿಬಿಡಿಯಲ್ಲಿ ಜನ ಬೇಕಾದದ್ದನ್ನೇ ಒಳಗೆ ಹಾಕಿಬಿಡುತ್ತಾರೆ. ಪೆಟ್ಟಿಗೆ ಹಡಗು ಹತ್ತಿದ ಮೇಲೆ ಅತ್ತು ಉಪಯೋಗವಿಲ್ಲ.

"ಕೇಳದೆ ಕಟ್ಟಿದ ಪೆಟ್ಟಿಗೆ ಕದ್ದ ಪೆಟ್ಟಿಗೆಗೆ ಸಮ, ತಿಳಿತಾ?" ಎಂದಿದ್ದ ಕಾಸಿಂ ಕುಂಞಿ. "ಏನು ಮರೆತರೂ ಇದನ್ನು ಮರೀಬೇಡ."

ತಿಲಕ್ ಮರೆತದ್ದಿಲ್ಲ. ಕೇಳಿ ಕೇಳಿ ಅದು ಅವನ ಬಾಯಿಗೆ ಮಂತ್ರದ ಹಾಗೆ ಕೂತಿತ್ತು. ಮಗಳಿಗೂ ಕೂತಿತ್ತು. ಶುಕ್ರವಾರ ಸಂಜೆ ಅವಳನ್ನು ಮನೆಗೆ ಬಿಡುವಾಗ, ಲಿಫ್ಟಿನ ಬಾಗಿಲಲ್ಲಿ ಅವನು ಗಂಭೀರವಾಗಿ ಕೇಳುತ್ತಿದ್ದ: "ಪಾಸ್‌ಪೋರ್ಟ್, ಬಂಗಾರ, ಮದ್ದು?" ಅಶ್ಮಿತಾ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು: "ಉಂಟು!" ಅವಳು ಕನ್ನಡದಲ್ಲಿ ತಿರುಗಿ ಉತ್ತರ ಕೊಡುತ್ತಿದ್ದುದು ಅದೊಂದಕ್ಕೇ. ಉಳಿದದ್ದೆಲ್ಲ ಇಂಗ್ಲಿಷ್.

ಅವಳಿರುವುದು ಅದೇ ಮಂಗಫ್‌ನಲ್ಲಿ, ಎರಡು ಗಲ್ಲಿ ಆಚೆ, ಚಿಕ್ಕಮ್ಮ ತೃಪ್ತಿಯ ಮನೆಯಲ್ಲಿ.

ಅಶ್ಮಿತಾಳ ತಾಯಿ ಸುಜಯಾ ತೀರಿಕೊಂಡಾಗ ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಕಟಪಾಡಿಯ ತಾಯಿಮನೆಯಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಆಗ ತಿಲಕ್ ಶುವೈಖ್‌ನ ಒಂದು ಟಯರ್ ಅಂಗಡಿಯ ಆಳು. ಅಂಗಡಿ ಮುಚ್ಚಿತ್ತು. ವೀಸಾ ಕೊಟ್ಟಿದ್ದ ಕಫೀಲ್ ಅವನ ಮೇಲೆ ಓಡಿಹೋದ ಕೇಸು ಹಾಕಿದ್ದ. ಇಕಾಮಾ, ವಾಸದ ಪರವಾನಗಿ, ಮುಗಿದಿತ್ತು. ಇಕಾಮಾ ಇಲ್ಲದವನು ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ಮುಂದಿನ ದಾರಿ ಲಾಕಪ್ಪಿಗೆ. ಹೆಂಡತಿಯ ಚಿತೆಯನ್ನು ಅವನು ಫೋನಿನ ಪರದೆಯಲ್ಲಿ ನೋಡಿದ. ನೆಟ್‌ವರ್ಕ್ ಇಲ್ಲದೆ ಚಿತ್ರ ನಡುವೆ ನಿಂತಿತು. ಉರಿಯೂ ನಿಂತ ಹಾಗೆ ಕಂಡಿತು.

ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ ಸುಜಯಾಳ ಸೋದರಮಾವ ತನಿಯಪ್ಪ ಫೋನು ಮಾಡಿದರು. ಆ ಮನೆಗೆ ಅವರೇ ಹಿರಿಯರು.

"ಮಗು ನಮ್ಮ ಬರಿಯದ್ದು ತಿಲಕಾ. ನಮ್ಮ ಮನೆಯಲ್ಲಿ ಬೆಳೆಯುವುದೇ ನ್ಯಾಯ. ತೃಪ್ತಿ ಅವಳನ್ನ ಕುವೈತಿಗೇ ಕರ್ಕೊಂಡು ಹೋಗ್ತಾಳಂತೆ. ನೀನೂ ಅಲ್ಲೇ ಇದ್ದಿ, ಕಣ್ಣಿಗೆ ಸಿಗ್ತಾಳೆ. ವೀಸಾಕ್ಕೆ ಕೋರ್ಟಿನ ಕಾಗದ ಬೇಕಂತೆ ಅಷ್ಟೆ. ನೀನು ಅಡ್ಡ ಬರ್ಬೇಡ."

ಅಳಿಯಕಟ್ಟಿನ ತುಳುವರಲ್ಲಿ ಬರಿ, ಎಂದರೆ ವಂಶ, ತಾಯಿಯ ಕಡೆಯಿಂದ ಬರುತ್ತದೆ. ತಿಲಕ್ ತಾನೂ ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅಪ್ಪ ಆಗಾಗ ಬಂದು, ಚಾವಡಿಯಲ್ಲಿ ಕೂತು, ಮಗನ ತಲೆ ನೇವರಿಸಿ ಹೋಗುತ್ತಿದ್ದ. ಹಾಗೆಂದು ಅವನು ಅಪ್ಪನಲ್ಲ ಎಂದು ಯಾರೂ ಹೇಳಿರಲಿಲ್ಲ. ಮಾವ ಸಾಕುವುದು, ಅಪ್ಪ ಅಪ್ಪನಾಗಿಯೇ ಇರುವುದು ಅವನ ಕಣ್ಣಿಗೆ ಮಳೆ ಬಿಸಿಲಿನಷ್ಟು ಸಹಜವಾಗಿತ್ತು. ಕೋರ್ಟಿನವರು ಕೇಳಿದಾಗ ತನ್ನದೇನೂ ತಕರಾರಿಲ್ಲ ಎಂದು ಹೇಳಿ ಕಳಿಸಿದ. ಹೆಂಡತಿಯ ಮನೆಯ ದೈವದ ಎದುರು, ಆ ಮನೆಯ ಮಗುವಿಗಾಗಿ ಕಚೇರಿ ಹತ್ತುವುದು ಅವನಿಗೆ ನಾಚಿಕೆಗೇಡಾಗಿ ಕಂಡಿತ್ತು.

ಕಟ್ಟಿನ ಪ್ರಕಾರ ಮಗು ತಾಯಿಮನೆಗೆ ಸೇರಿದರೆ ಅಪ್ಪನ ಕೈಯಿಂದ ಯಾರೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಕೋರ್ಟು ಹಾಗಲ್ಲ, ಅದು ಒಬ್ಬರ ಕೈಗೆ ಕೊಡಬೇಕಾದರೆ ಇನ್ನೊಬ್ಬರ ಕೈಯಿಂದ ತೆಗೆದೇ ಕೊಡಬೇಕು. ತೃಪ್ತಿ ಅಶ್ಮಿತಾಳ ಪಾಲಕಿಯಾದಳು. ಯಾವ ಶಾಲೆ, ಯಾವ ಡಾಕ್ಟರು, ಯಾವ ಮನೆ, ಎಲ್ಲವೂ ತೃಪ್ತಿಯ ಮಾತು. ತಿಲಕ್‌ಗೆ ಉಳಿದದ್ದು ವಾರಕ್ಕೊಂದು ಸಂಜೆ.

ಮರುವರ್ಷ ಸರಕಾರ ಇಕಾಮಾ ಇಲ್ಲದವರಿಗೆ ಕೊಟ್ಟ ಕ್ಷಮೆಯ ಅವಕಾಶದಲ್ಲಿ ಅವನ ಇಕಾಮಾ ಸರಿಯಾಯಿತು. ಕಾಸಿಂ ಕುಂಞಿ ಕೆಲಸ ಕೊಟ್ಟ. ಆದರೆ ಪ್ಯಾಕಿಂಗಿನವನಿಗೆ ಮಗಳನ್ನು ತನ್ನ ವೀಸಾದಲ್ಲಿ ಇಟ್ಟುಕೊಳ್ಳುವ ಯೋಗ್ಯತೆ ಈ ದೇಶದಲ್ಲಿಲ್ಲ. ತೃಪ್ತಿಯ ಕೈಯಲ್ಲಿ ಆ ಕಾಗದ ಇಲ್ಲದಿದ್ದರೆ ಅವನಿಗೆ ಶುಕ್ರವಾರವೂ ಇರುತ್ತಿರಲಿಲ್ಲ. ಇದನ್ನು ಅವನು ತಿಳಿದಿದ್ದ. ತೃಪ್ತಿ ಕೆಟ್ಟವಳಲ್ಲ ಎಂಬುದನ್ನೂ ತಿಳಿದಿದ್ದ. ಅವಳಿಗೆ ಮಕ್ಕಳಿರಲಿಲ್ಲ. ಅಶ್ಮಿತಾಳಿಗೆ ಜ್ವರ ಬಂದಾಗ ಅವಳು ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಮೊದಲು ಮಗು ಅವಳನ್ನು ಚಿಕ್ಕಿ ಎನ್ನುತ್ತಿತ್ತು. ಯಾವಾಗ ಅದು ಮಮ್ಮ ಆಯಿತೆಂದು ತಿಲಕ್‌ಗೆ ಗೊತ್ತಾಗಲಿಲ್ಲ. ಒಂದು ಶುಕ್ರವಾರ ಆಗಿತ್ತು, ಅಷ್ಟೆ.

ಈ ವರ್ಷ ಜೂನ್ ಮೊದಲಲ್ಲೇ ತೂಸ್ ಎದ್ದಿತು. ಮರಳಿನ ದೂಳು ಆಕಾಶವನ್ನು ಚಹಾದ ಬಣ್ಣಕ್ಕೆ ತಿರುಗಿಸಿ, ಕಿಟಕಿಗಳ ಅಂಚಿನಲ್ಲಿ ಸಣ್ಣ ಸಣ್ಣ ದಿಣ್ಣೆ ಕಟ್ಟಿತು. ಅಂಥ ಒಂದು ಶುಕ್ರವಾರ ತಿಲಕ್ ಮಗಳನ್ನು ಕರೆದೊಯ್ಯಲು ಹೋದಾಗ ತೃಪ್ತಿ ಬಾಗಿಲಲ್ಲಿ ಒಂದು ಪೇಂಟಿನ ಬಕೆಟ್ ಇಟ್ಟು ಕಾಯುತ್ತಿದ್ದಳು. ಬಕೆಟ್ಟಿನಲ್ಲಿ ಅವಳ ಕರಿಬೇವಿನ ಗಿಡ.

"ಭಾವ, ಇದನ್ನ ನೀವು ತಕ್ಕೊಂಡು ಹೋಗಿ."

ತಿಲಕ್ ಗಿಡವನ್ನು ನೋಡಿದ. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಸಸಿ ಅದು. ಬೇಸಗೆಯಲ್ಲಿ ಗೋಣಿ ಹೊದೆಸಿ, ಚಳಿಗಾಲದಲ್ಲಿ ಒಳಗೆ ತಂದು, ತೃಪ್ತಿ ಅದನ್ನು ಸೊಂಟದೆತ್ತರ ಬೆಳೆಸಿದ್ದಳು.

"ಯಾಕೆ?"

"ರಜೆಗೆ ಊರಿಗೆ ಹೋಗ್ತೇವಲ್ಲ. ನೀರು ಹಾಕ್ಲಿಕ್ಕೆ ಯಾರುಂಟು?"

"ಪ್ರತಿಸಲ ಎದುರಿನ ಸುಬೈದಾ ಹಾಕ್ತಾರಲ್ವಾ?"

"ಅವರಿಗೂ ಪಾಪ ಕಾಲು ನೋವು," ಎಂದಳು ತೃಪ್ತಿ. ಎಲೆಯ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಎಲೆಯನ್ನೇ ಮತ್ತೆ ಒರೆಸಿದಳು. ಅವನ ಮುಖ ನೋಡಲಿಲ್ಲ.

ಮಂಗಫ್‌ನ ನಮ್ಮವರಲ್ಲಿ ಯಾರೂ ರಜೆಗೆ ಹೋಗುವಾಗ ಕರಿಬೇವಿನ ಗಿಡ ಕೊಡುವುದಿಲ್ಲ. ನೀರು ಹಾಕಲು ಹೇಳಿ ಬೀಗದ ಕೈ ಕೊಡುತ್ತಾರೆ. ಗಿಡವನ್ನೇ ಕೊಡುವುದು ಇಲ್ಲಿನ ಬಾಳನ್ನು ಮುಗಿಸಿ ಹೋಗುವವರು. ಹಾಗೆ ಕೈ ಬದಲಾಯಿಸುತ್ತಾ ಒಂದೇ ಗಿಡ ಎಷ್ಟೋ ಸಂಸಾರಗಳ ಸಾರಿಗೆ ಬಿದ್ದಿರುತ್ತದೆ. ಎಷ್ಟೋ ಮನೆಗಳಿಂದ ಹಾಗೆ ಗಿಡ ಹೊರಗೆ ಹೋಗುವುದನ್ನು ತಿಲಕ್ ಪೆಟ್ಟಿಗೆ ಕಟ್ಟುತ್ತಾ ನೋಡಿದ್ದ. ಬಕೆಟ್ಟಿನ ಹಿಡಿಕೆ ಅವನ ಬೆರಳನ್ನು ಕೊಯ್ಯುವಷ್ಟು ಭಾರವಿತ್ತು.

ದೂಳಿನಿಂದಾಗಿ ಅವತ್ತು ಫಹಾಹೀಲ್ ಕಡಲ ತೀರಕ್ಕೆ ಹೋಗಲಾಗಲಿಲ್ಲ. ಜ್ಯೂಸ್ ಅಂಗಡಿಯೊಳಗೆ ಕೂತು ತಿಲಕ್ ಕೇಳಿದ: "ರಜೆಗೆ ಎಲ್ಲಿಗೆ ಹೋಗುವುದು ಮಗಾ? ಕಟಪಾಡಿಗಾ?"

ಅಶ್ಮಿತಾ ಸ್ಟ್ರಾ ಕಚ್ಚಿಕೊಂಡು ಗ್ಲಾಸಿನೊಳಗೆ ನೋಡಿದಳು. ಆಮೇಲೆ ತಡೆಯಲಾರದೆ ಅಂದಳು: "ಇಟ್ಸ್ ಎ ಸೀಕ್ರೆಟ್, ಪಪ್ಪ. ಮಮ್ಮ ಸೆಡ್ ಡೋಂಟ್ ಟೆಲ್."

"ಹಾಗಾದ್ರೆ ಹೇಳ್ಬೇಡ."

"ದೇರ್ ಆರ್ ಕಂಗರೂಸ್," ಎಂದಳು ಅವಳು, ಕಣ್ಣು ಅರಳಿಸಿ. "ಯು ಕ್ಯಾನ್ ಆಲ್ಸೋ ಕಮ್, ನೋ? ಯು ಕ್ಯಾನ್ ಪ್ಯಾಕ್ ಬಾಕ್ಸಸ್ ದೇರ್."

ತಿಲಕ್ ನಕ್ಕ. ನಗುವ ಹೊತ್ತಿಗೆ ಅಂಗಡಿಯ ಬಾಗಿಲು ಯಾರೋ ತೆರೆದರು; ಬಿಸಿ ದೂಳು ಒಳಗೆ ನುಗ್ಗಿ ಅವನ ಬಾಯಿ ತುಂಬಿತು.

ಮರುದಿನ ಅವನು ಕಾರ್ಮೆಲ್ ಬಾಯಿಯನ್ನು ಹುಡುಕಿ ಹೋದ. ಮಂಗಳೂರಿನ ಕೊಂಕಣಿ ಹೆಂಗಸು, ಫಹಾಹೀಲ್‌ನ ಟೈಪಿಂಗ್ ಅಂಗಡಿಯಲ್ಲಿ ಕೆಲಸ; ಊರವರ ವೀಸಾ, ದೂತಾವಾಸದ ತಾಪತ್ರಯಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಕೋರ್ಟಿನ ಆದೇಶದ ಪ್ರತಿಯನ್ನು ಅವನು ಇಷ್ಟು ವರ್ಷ ಹಾಸಿಗೆಯ ಅಡಿಯಲ್ಲಿ ಇಟ್ಟಿದ್ದ. ಕಾರ್ಮೆಲ್ ಬಾಯಿ ಕನ್ನಡಕ ಏರಿಸಿ ಅದನ್ನು ಓದಿದಳು, ಓದಿ ತಲೆ ಚಚ್ಚಿಕೊಂಡಳು.

"ನೀವು ಗಂಡಸರು ಕೋರ್ಟಿನ ಕಾಗದವನ್ನೂ ಮದುವೆ ಕಾಗದದ ಹಾಗೆ ಓದುವುದಾ? ಹೆಸರು ಸರಿ ಉಂಟಾ ನೋಡಿ ಒಳಗಿಡುವುದು! ಕೂತ್ಕೊ. ಮಂಗಳೂರಿಗೆ ಫೋನ್ ಮಾಡುವಾ."

ಮಂಗಳೂರಿನ ವಕೀಲ ರೋಹಿದಾಸರು ನಿಧಾನದ ಮನುಷ್ಯ. ಕಾರ್ಮೆಲ್ ಬಾಯಿ ಕಳಿಸಿದ ಫೋಟೋಗಳನ್ನು ಓದಿ, ಸಂಜೆ ತಾವೇ ಫೋನು ಮಾಡಿದರು.

"ನೋಡಿ ತಿಲಕ್, ನೀವು ಅಪ್ಪ ಅನ್ನುವುದನ್ನ ಯಾವ ಕೋರ್ಟೂ ತೆಗೆದಿಲ್ಲ. ಸಾಕುವ ಅಧಿಕಾರ ಅವರಿಗೆ ಕೊಟ್ಟಿದೆ ಅಷ್ಟೆ. ಮಗುವನ್ನ ನೋಡುವ ಹಕ್ಕು ನಿಮ್ಮದು. ದೊಡ್ಡ ವಿಷಯ ಇದ್ರೆ ನಿಮಗೆ ತಿಳಿಸ್ಬೇಕು. ಆರ್ಡರಿನಲ್ಲಿ ಸ್ಪಷ್ಟ ಉಂಟು: ಕುವೈತಿಗೆ ಮಾತ್ರ ಒಪ್ಪಿಗೆ. ಬೇರೆ ದೇಶಕ್ಕೆ ಒಯ್ಯುವುದಾದ್ರೆ ಮತ್ತೆ ಕೋರ್ಟನ್ನ ಕೇಳ್ಬೇಕು, ನಿಮ್ಮ ಮಾತನ್ನೂ ಕೇಳ್ಬೇಕು."

"ಅವರು ಕೇಳದೆ ಹೋದ್ರೆ?"

"ಹೋಗುವ ಮೊದಲು ಆದ್ರೆ ತಡೆ ತರಬಹುದು. ಹೋದ ಮೇಲೆ ಈ ಆರ್ಡರು ಅಲ್ಲಿ ಬರೀ ಕಾಗದ. ಅಲ್ಲಿನ ಕೋರ್ಟಿಗೆ ಹೋಗ್ಬೇಕು, ವರ್ಷಗಟ್ಟಲೆ ಆಗ್ತದೆ. ಅಷ್ಟರಲ್ಲಿ ಮಗು ನಿಮ್ಮನ್ನ ಮರೆತಿರ್ತದೆ."

ಅರ್ಜಿ ಹಾಕಿದರು. ಸೋಮವಾರ ಅದು ಜಡ್ಜರ ಮುಂದೆ ಬರುವುದೆಂದು ರೋಹಿದಾಸರು ತಿಳಿಸಿದರು. ತಿಲಕ್ ಆ ಸೋಮವಾರವನ್ನು ನಾಲಗೆಯ ಅಡಿಯಲ್ಲಿ ಇಟ್ಟುಕೊಂಡವನ ಹಾಗೆ ಯಾರೊಂದಿಗೂ ಮಾತಾಡದೆ ಓಡಾಡಿದ. ಕರಿಬೇವಿನ ಗಿಡವನ್ನು ಅಂಗಡಿಯ ಮೆಟ್ಟಿಲಿನ ನೆರಳಿನಲ್ಲಿ ಇಟ್ಟಿದ್ದ. ನೀರು ಹಾಕಿದರೂ ಅದು ದಿನಕ್ಕಿಷ್ಟು ಎಲೆ ಉದುರಿಸುತ್ತಿತ್ತು.

ಗುರುವಾರ ಕಾಸಿಂ ಕುಂಞಿ ಅವನನ್ನು ಕರೆದ. "ನಾಳೆ ಒಂದು ಫುಲ್ ಫ್ಲಾಟ್ ಉಂಟು. ಅಕ್ಷಯ್ ಅಂತ, ಮೀನಾ ಅಬ್ದುಲ್ಲಾದಲ್ಲಿ ಕೆಲಸ. ಸಾಮಾನೆಲ್ಲ ಆಸ್ಟ್ರೇಲಿಯಾಕ್ಕೆ. ಶನಿವಾರ ಅವರ ಫ್ಲೈಟು." ಅವನು ತಲೆಯೆತ್ತಿ ತಿಲಕ್‌ನ ಮುಖ ನೋಡಿದ. "ನಿನ್ನ ಷಡ್ಡಕ ಅಲ್ವಾ ಅದು? ನಿನ್ನ ಮಗು ಅಲ್ಲೇ ಅಲ್ವಾ ಇರುವುದು?"

ತಿಲಕ್ ಮಡಚಿದ ರಟ್ಟುಗಳನ್ನು ಎಣಿಸತೊಡಗಿದ.

"ಬೇರೆಯವನನ್ನ ಕಳಿಸ್ಲಾ?"

"ಬೇಡ. ನಾಳೆ ಶುಕ್ರವಾರ. ಹೇಗೂ ಹೋಗ್ತೇನಲ್ಲ."

ರೋಹಿದಾಸರಿಗೆ ಫೋನು ಮಾಡಿದ. "ಸೋಮವಾರಕ್ಕಿಂತ ಮೊದಲು ಆಗ್ಲಿಕ್ಕಿಲ್ಲ," ಎಂದರು ಅವರು. "ಬಾಯಲ್ಲಿ ಕೇಳಿ ನೋಡಿ. ಆದ್ರೆ ಗಲಾಟೆ ಮಾಡ್ಬೇಡಿ. ಪಾಸ್‌ಪೋರ್ಟ್ ಅಡಗಿಸುವುದು, ಮಗುವನ್ನ ಎತ್ತಿಕೊಂಡು ಹೋಗುವುದು, ಇಂಥದ್ದು ಏನಾದ್ರೂ ಮಾಡಿದ್ರೆ ಸೋಮವಾರ ಜಡ್ಜ್ ಮೊದಲು ಕೇಳುವುದೇ ಅದನ್ನ. ಆಗ ನಿಮ್ಮ ಶುಕ್ರವಾರವೂ ಹೋಗ್ತದೆ. ತಿಳಿತಲ್ಲ?"

ತಿಳಿಯಿತು. ಅಲ್ಲಿಯವರೆಗೆ ಅಂಥದ್ದೊಂದು ಅವನಿಗೆ ಹೊಳೆದೇ ಇರಲಿಲ್ಲ.

ಶುಕ್ರವಾರ ಗಲ್ಲಿ ಎಂದಿನಂತೆ ಮೌನವಾಗಿತ್ತು. ತಿಲಕ್ ಮತ್ತು ಗಾಡಿಯ ಡ್ರೈವರ್ ಅಜ್ಮಲ್ ಮಡಚಿದ ರಟ್ಟುಗಳನ್ನು ಹೊತ್ತು ತೃಪ್ತಿಯ ಮನೆಗೆ ಹೋದರು. ಪರದೆ ಬಿಚ್ಚಿದ ಕಿಟಕಿಗಳಿಂದ ಕಂದು ಬೆಳಕು ಒಳಗೆ ಬಿದ್ದಿತ್ತು. ಗೋಡೆಯಲ್ಲಿ ಚಿತ್ರಗಳಿದ್ದ ಕಡೆಯೆಲ್ಲ ಬಿಳಿಯ ಚೌಕಗಳು. ಮಾತಾಡಿದರೆ ಮನೆ ಪ್ರತಿಧ್ವನಿಸುತ್ತಿತ್ತು.

ಅಕ್ಷಯ್ ಅವನನ್ನು ನೋಡಿ ಮುಖ ಸಣ್ಣ ಮಾಡಿದ. "ನಾನೇ ಹೇಳ್ಬೇಕಂತಿದ್ದೆ ತಿಲಕಣ್ಣ. ಅರ್ಜೆಂಟ್ ಆಯ್ತು. ಪರ್ತ್‌ನಲ್ಲಿ ಕೆಲಸ ಸಿಕ್ಕಿತು."

"ಕೋರ್ಟಿಗೆ ಹೇಳಿದ್ರಾ?" ಪೆಟ್ಟಿಗೆಯ ತಳಕ್ಕೆ ಟೇಪು ಎಳೆಯುತ್ತಾ ತಿಲಕ್ ಕೇಳಿದ. ಅವನು ಯೋಚಿಸಿದ್ದಕ್ಕಿಂತ ದನಿ ಸಣ್ಣದಾಗಿತ್ತು.

"ಅಲ್ಲಿ ಸೆಟ್ಲ್ ಆಗಿ ಹಾಕಿದ್ರಾಯ್ತು ಅಂತ. ಈಗ ಹಾಕಿದ್ರೆ ವರ್ಷ ಹಿಡೀತದೆ, ಕೆಲಸ ಕಾಯ್ತದಾ?"

"ನನಗಾದ್ರೂ ಹೇಳ್ಬಹುದಿತ್ತು."

ಅಡಿಗೆಮನೆಯಿಂದ ತೃಪ್ತಿ ಬಂದಳು. ಕೈಯಲ್ಲಿ ದೇವರ ದೀಪ, ಹಳೆಯ ಟವೆಲಿನಲ್ಲಿ ಸುತ್ತಿದ್ದು. "ಹೇಳಿದ್ರೆ ನೀವು ಬೇಡ ಅಂತಿದ್ರಿ ಭಾವ. ಅವಳನ್ನ ಬಿಟ್ಟು ನಾನು ಹೋಗುವುದು ಹೇಗೆ? ನೀವು ಎಲ್ಲಿ ಇಟ್ಕೊಳ್ತೀರಿ, ಆ ರೂಮಿನಲ್ಲಾ?" ಅವಳು ಟವೆಲನ್ನು ಇನ್ನೊಂದು ಸುತ್ತು ಬಿಗಿದಳು. "ಅವತ್ತು ಕೇಳುವಾಗ ನೀವೇ ಅಲ್ವಾ ಹೂಂ ಅಂದದ್ದು?"

ತಿಲಕ್ ದೀಪವನ್ನು ಅವಳ ಕೈಯಿಂದ ತೆಗೆದುಕೊಂಡ. ಅದು ಇನ್ನೂ ಎಣ್ಣೆಯ ಜಿಡ್ಡಾಗಿತ್ತು. ಸುಜಯಾಳ ತಾಯಿಮನೆಯ ದೀಪ. ಅವನು ಅದನ್ನು ಬಟ್ಟೆಗಳ ನಡುವೆ, ಮಗುವನ್ನು ಮಲಗಿಸುವ ಹಾಗೆ ಇಟ್ಟ. "ಪಾಸ್‌ಪೋರ್ಟ್, ಬಂಗಾರ, ಮದ್ದು – ಕೈಯಲ್ಲಿ ಉಂಟಾ?"

"ಉಂಟು," ಎಂದಳು ತೃಪ್ತಿ, ಕಣ್ಣು ಒರೆಸಿಕೊಳ್ಳುತ್ತಾ.

ಪೆಟ್ಟಿಗೆ ಮೇಲೆ ಪೆಟ್ಟಿಗೆ ಏರಿತು. ಪ್ರತಿಸಲ ಅವನು ಕೇಳಿದ, ಪ್ರತಿಸಲ ಅವರು ಉಂಟು ಎಂದರು. ಅಜ್ಮಲ್ ಒಂದೊಂದನ್ನೇ ಕೆಳಗೆ ಸಾಗಿಸಿದ. "ಯಲ್ಲಾ ಮಾರಾಯ, ಶುವೈಖ್ ಗೋದಾಮು ಬಾಗಿಲು ಹಾಕ್ತದೆ. ಇವತ್ತೇ ಕಂಟೇನರಿಗೆ ಲೋಡ್ ಆಗ್ಬೇಕು," ಎಂದು ಅವಸರ ಮಾಡುತ್ತಿದ್ದ.

ಕೊನೆಗೆ ಉಳಿದದ್ದು ಅಶ್ಮಿತಾಳ ಕೋಣೆ. ಅವಳು ನೆಲದ ಮೇಲೆ ಕೂತು ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ಬೆಳಗ್ಗೆ ಏನೋ ಕಾಗದಪತ್ರಕ್ಕೆಂದು ಅಕ್ಷಯ್ ಜೊತೆ ಹೊರಗೆ ಹೋಗಿ ಬಂದಿದ್ದಳು. ಬೆನ್ನಿಗೆ ಹಾಕಿಕೊಂಡಿದ್ದ ಶಾಲೆಯ ಚೀಲವನ್ನು ಈಗ ಬಿಚ್ಚಿ, ಪುಸ್ತಕಗಳ ಮೇಲೆ ಎಸೆದಳು. "ದಿಸ್ ಆಲ್ಸೋ, ಪಪ್ಪ. ನ್ಯೂ ಸ್ಕೂಲ್, ನ್ಯೂ ಬ್ಯಾಗ್," ಎಂದು ಹೇಳಿ, ಸುಬೈದಾ ಆಂಟಿಗೆ ಬೈ ಹೇಳಿ ಬರುತ್ತೇನೆಂದು ಓಡಿದಳು.

ತಿಲಕ್ ಚೀಲವನ್ನು ಒಳಗೆ ಒತ್ತಿದ. ಒತ್ತುವ ಕೈಗೆ ಎಲ್ಲವೂ ತಿಳಿಯುತ್ತದೆ. ಮುಂದಿನ ಜೇಬಿನಲ್ಲಿ ತೆಳ್ಳಗಿನ, ಗಟ್ಟಿಯಾದ ಒಂದು ಅಂಚು. ಜಿಪ್ಪು ಅರ್ಧ ತೆರೆದಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಕಡುನೀಲಿ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಸಿಂಹಗಳು.

ಅವನ ಕೈ ನಿಂತಿತು. ಮನೆಯೊಳಗೆ ಯಾರ ಸದ್ದೂ ಇರಲಿಲ್ಲ. ಕಿಟಕಿಯ ಗಾಜಿಗೆ ದೂಳು ಉಜ್ಜುವ ಸಣ್ಣ ಸದ್ದು ಮಾತ್ರ, ಯಾರೋ ಹೊರಗಿನಿಂದ ಉಗುರಿನಲ್ಲಿ ಗೀರಿದ ಹಾಗೆ. ಈ ಪೆಟ್ಟಿಗೆ ಈಗ ಶುವೈಖ್‌ಗೆ ಹೋಗುತ್ತದೆ. ನೂರಾರು ಪೆಟ್ಟಿಗೆಗಳ ಅಡಿಗೆ ಬೀಳುತ್ತದೆ. ನಾಳೆ ವಿಮಾನ ಹಾರುತ್ತದೆ, ಅಶ್ಮಿತಾ ಹಾರುವುದಿಲ್ಲ. ಹೊಸ ಪಾಸ್‌ಪೋರ್ಟಿಗೆ ಓಡಾಡುವಷ್ಟರಲ್ಲಿ ಸೋಮವಾರ ಬರುತ್ತದೆ. ಅವನು ಏನನ್ನೂ ಅಡಗಿಸಿಲ್ಲ. ಏನನ್ನೂ ಮುಟ್ಟಿಲ್ಲ. ಅವರೇ ಹಾಕಿದ್ದು.

ಒಂದು ಪ್ರಶ್ನೆ ಕೇಳದಿದ್ದರೆ ಸಾಕು.

ಅವನು ಟೇಪು ಎಳೆದ. ಬರಿದಾದ ಕೋಣೆಯಲ್ಲಿ ಅದು ಬಟ್ಟೆ ಹರಿದ ಹಾಗೆ ಕೂಗಿತು. ಅಡ್ಡ ಒಂದು, ಉದ್ದ ಒಂದು. ಹಗ್ಗ ಬಿಗಿದ. ಮಾರ್ಕರಿನಲ್ಲಿ ಹೆಸರು ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಅಜ್ಮಲ್ ಬಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿದ.

"ಎಂತ ಮಾರಾಯ, ಜ್ವರ ಬಂದವನ ಹಾಗೆ ಬೆವರ್ತಿದ್ದಿ?"

"ಏಸಿ ನಿಲ್ಲಿಸಿದ್ದಾರೆ," ಎಂದ ತಿಲಕ್.

ಖಾಲಿ ಪಡಸಾಲೆಯಲ್ಲಿ ಸುಬೈದಾ ಕಳಿಸಿದ ಚಹಾ ಬಂತು. ಎಲ್ಲರೂ ನಿಂತುಕೊಂಡೇ ಕುಡಿದರು. ಅಕ್ಷಯ್ ನಾಳೆಯ ಕೈಚೀಲ ಸರಿ ಮಾಡುತ್ತಾ, "ತೃಪ್ತಿ, ಅಶ್ಮಿಯ ಪಾಸ್‌ಪೋರ್ಟ್ ಕೊಡು," ಎಂದ.

"ನಿಮ್ಮ ಹತ್ರ ಅಲ್ವಾ? ಬೆಳಿಗ್ಗೆ ನೀವೇ ತಕ್ಕೊಂಡು ಹೋದದ್ದು."

ಇಬ್ಬರೂ ಕೈಚೀಲ ಬೋರಲು ಹಾಕಿದರು. ಜೇಬುಗಳನ್ನು ನೋಡಿದರು. ಅಡಿಗೆಮನೆಯ ಬರಿದಾದ ಕಪಾಟುಗಳನ್ನು ತೆರೆದು ಮುಚ್ಚಿದರು. ಆಮೇಲೆ ಅಕ್ಷಯ್ ನೆನಪಾದವನ ಹಾಗೆ ತಿರುಗಿದ. "ಅಶ್ಮೀ! ನಿನ್ನ ಹತ್ರ ಕೊಟ್ಟಿದ್ದೆನಲ್ಲ, ಎಲ್ಲಿ ಇಟ್ಟಿ?"

ಅಶ್ಮಿತಾಳ ಮುಖ ಬಿಳಿಚಿತು. "ಐ... ಐ ಡೋಂಟ್ ರಿಮೆಂಬರ್."

"ರಿಮೆಂಬರ್ ಇಲ್ವಾ? ಒಂದು ಸಾಮಾನು ಜೋಪಾನ ಮಾಡ್ಲಿಕ್ಕೆ ಆಗುದಿಲ್ವಾ ನಿನಗೆ? ನಾಳೆ ನಿನ್ನ ಇಲ್ಲೇ ಬಿಟ್ಟು ಹೋಗ್ಬೇಕಾ, ಹೇಳು!"

"ಮಗುವಿಗೆ ಯಾಕೆ ಬಯ್ತೀರಿ?" ಎಂದ ತೃಪ್ತಿಯೂ ಮರುಕ್ಷಣ ಅವಳ ತೋಳು ಹಿಡಿದು ಅಲುಗಿಸಿದಳು. "ಯೋಚನೆ ಮಾಡು ಪುಟ್ಟಾ, ಎಲ್ಲಿ ಇಟ್ಟಿ, ಎಲ್ಲಿ?"

ಇಲ್ಲೇ ಬಿಟ್ಟು ಹೋಗ್ಬೇಕಾ. ಆ ಮಾತು ಕೇಳಿ ಹುಡುಗಿ ತೃಪ್ತಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ತಿಲಕ್ ಇಷ್ಟು ದಿನ ಬೇಡಿಕೊಂಡದ್ದೇ ಅದು, ಅವಳು ಇಲ್ಲೇ ಉಳಿಯಬೇಕೆಂದು. ಅವಳ ಕಿವಿಗೆ ಅದು ಬೆದರಿಕೆಯಾಗಿ ಬಿದ್ದಿತ್ತು. ಅವಳು ಎಲ್ಲರ ಮುಖವನ್ನೂ ನೋಡಿ, ಕೊನೆಗೆ ಅಪ್ಪನನ್ನು ನೋಡಿದಳು. ನೋಡುತ್ತಲೇ ಏನೋ ಹೊಳೆದು, ಅವಳ ಹುಬ್ಬು ಗಂಟಾಯಿತು.

"ಪಪ್ಪ," ಎಂದಳು. "ಫಾರ್ ಮೈ ಬಾಕ್ಸ್... ಯು ಡಿಡಂಟ್ ಆಸ್ಕ್."

ಅಕ್ಷಯ್ ಕೈಚೀಲವನ್ನು ಕೆಳಗಿಟ್ಟ.

"ಯು ಆಲ್ವೇಸ್ ಆಸ್ಕ್." ಅದರಲ್ಲಿ ದೂರು ಇರಲಿಲ್ಲ. ಲೆಕ್ಕದಲ್ಲಿ ತಪ್ಪು ಹುಡುಕುವ ಮಗುವಿನ ಗೊಂದಲ ಮಾತ್ರ. ಅವಳು ಅಪ್ಪನ ಉತ್ತರಕ್ಕೆ ಕಾಯುತ್ತಿದ್ದಳು. ಅವನು ಹೇಳಿದ್ದನ್ನು ನಂಬುವುದಕ್ಕೆ ಅವಳು ಸಿದ್ಧಳಾಗಿದ್ದಳು. ಅದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅಕ್ಷಯ್ ನಿಧಾನವಾಗಿ ತಿಲಕ್‌ನ ಕಡೆ ತಿರುಗಿದ. ತೃಪ್ತಿಯ ಕೈ ಹುಡುಗಿಯ ತೋಳಿನಿಂದ ಜಾರಿತು.

ಕೆಳಗೆ ಗಲ್ಲಿಯಲ್ಲಿ ಇಂಜಿನ್ ಹೊತ್ತಿಕೊಂಡಿತು. ಆಮೇಲೆ ಆ ಸದ್ದು. ಪೀಂ... ಪೀಂ... ಪೀಂ... ಶುಕ್ರವಾರ ಎಂದೂ ಕೇಳದ ಸದ್ದು. ಅಜ್ಮಲ್ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ. ಮುಖ್ಯರಸ್ತೆ ಮುಟ್ಟಿದರೆ ಅವನು ಇನ್ನು ನಿಲ್ಲುವುದು ಶುವೈಖ್‌ನಲ್ಲೇ.

ತಿಲಕ್ ನೆಲದಲ್ಲಿ ಬಿದ್ದಿದ್ದ ರಟ್ಟು ಕೊಯ್ಯುವ ಕಟ್ಟರನ್ನು ಎತ್ತಿಕೊಂಡ.

"ಅವಳಿಗೆ ಬಯ್ಬೇಡಿ," ಎಂದ. "ಅದು ಪುಸ್ತಕದ ಪೆಟ್ಟಿಗೆಯಲ್ಲಿ ಉಂಟು, ಶಾಲೆಯ ಚೀಲದಲ್ಲಿ. ಟೇಪು ಎಳೆಯುವಾಗಲೇ ನಾನು ನೋಡಿದ್ದೆ, ನೋಡಿಯೂ ಬೇಕಂತಲೇ ನಾನು ಕೇಳ್ಲಿಲ್ಲ," ಎನ್ನುತ್ತ ಬಾಗಿಲು ದಾಟಿದವನು, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿಯುತ್ತ, "ಅಜ್ಮಲ್, ನಿಲ್ಲಿಸು!" ಎಂದು ಕೂಗಿದ.